ಸೋಲುವ ಆಳು

ನಮ್ಮೂರಿನಲ್ಲಿ ಸೋಲುವುದಕ್ಕೆ ಆಳಿಡುತ್ತಾರೆ. ಲಂಗ ಉಡುವ ವಯಸ್ಸಿನಿಂದ ಮದುವೆಯಾಗುವವರೆಗೂ ನಾನು ಮಾಡಿದ್ದು ಅದೇ ಕೆಲಸ. ನನ್ನ ವಾರಗೆಯ ಹುಡುಗಿಯರು ಸುಣ್ಣದ ಗೂಡಿಗೆ ಕಲ್ಲು ಹೊತ್ತರು, ಕೊಳ್ಳಕ್ಕಿಳಿದು ನೀರು ಹೊತ್ತರು. ನಾನು ನೆರಳಲ್ಲಿ ಕೂತು ಸೋತೆ. ಪುಕ್ಕಟೆ ಕೂಳು ಎಂದು ಊರೆಲ್ಲ ಹೊಟ್ಟೆ ಉರಿದುಕೊಂಡಿತು. ಉರಿದುಕೊಳ್ಳಲಿ, ನನಗೇನು? ಈಗ ಅದನ್ನೆಲ್ಲ ಹೇಳುತ್ತಿರುವುದು ನನ್ನ ಮಗಳು ಹೊನ್ನಿಗಾಗಿ. ಹೋದ ಬೇಸಿಗೆಯಲ್ಲಿ ಚಾವಡಿಯ ಕಲ್ಲು ಅವಳ ಅಂಗೈಯಡಿ ಕಾಯಿತು. ಅವತ್ತಿನಿಂದ ನಮ್ಮ ಮನೆಯ ಬಾಗಿಲು ಹಾಕಿಕೊಂಡು ನಾನು ಅವಳಿಗೆ ಏನು ಮಾಡುತ್ತಿದ್ದೇನೆ ಎಂಬುದು ಊರಿಗೆ ಗೊತ್ತಿಲ್ಲ. ಗೊತ್ತಾದ ದಿನ ಅವಳನ್ನು ನನ್ನಿಂದ ಕಿತ್ತುಕೊಂಡು ಹೋಗುತ್ತಾರೆ.

ಕಲ್ಲಿನ ವಿಷಯ ನಮ್ಮವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಚಾವಡಿಯ ನಡುವೆ ಒಂದು ಕರಿಕಲ್ಲಿದೆ, ಎಮ್ಮೆ ಮಲಗಿದಷ್ಟು ಅಗಲ. ಮಕ್ಕಳ ಮುಂದಿನ ಹಾಲುಹಲ್ಲು ಬಿದ್ದ ವರ್ಷ ಕರೆತಂದು ಅದರ ಮೇಲೆ ಅಂಗೈ ಊರಿಸುತ್ತಾರೆ. ಬುದ್ಧಿ ಚುರುಕಾಗಿದ್ದರೆ ಕಲ್ಲು ಕಾಯುತ್ತದೆ, ಇಲ್ಲದಿದ್ದರೆ ಇಲ್ಲ. ಕಲ್ಲು ಸುಳ್ಳು ಹೇಳಿದ್ದನ್ನು ಯಾರೂ ಕಂಡಿಲ್ಲ, ನಾನೂ ಕಂಡಿಲ್ಲ. ತಾಯಂದಿರು ವಾರದಿಂದ ಮಕ್ಕಳ ನೆತ್ತಿಗೆ ತುಪ್ಪ ತಟ್ಟುತ್ತಾರೆ, ಮನೆ ಬಿಡುವಾಗ ಅಂಗೈಯನ್ನು ಒಲೆಯ ಮುಂದೆ ಕಾಯಿಸಿ ಕರೆತರುತ್ತಾರೆ. ಅಂಥದ್ದಕ್ಕೆಲ್ಲ ಕಲ್ಲು ಬಗ್ಗುವುದಿಲ್ಲ. ನನ್ನ ಸರದಿ ಬಂದಾಗ ಕಡುಬೇಸಿಗೆ. ಕಲ್ಲು ತಂಪಾಗಿ ಹಾಯೆನಿಸಿತು, ಇನ್ನೊಂದು ಕೈಯನ್ನೂ ಊರಿದೆ, ಕೆನ್ನೆಯನ್ನೂ ಇಟ್ಟೆ. ಚಾವಡಿಗೆ ಚಾವಡಿಯೇ ನಕ್ಕಿತು. ನಮ್ಮವ್ವ ಮಾತ್ರ ನಗಲಿಲ್ಲ.

ನನ್ನ ಹಿಂದೆ ನಿಂತಿದ್ದವನು ಪಾಲಾಕ್ಷ, ಸುಣ್ಣದ ಗೂಡಿನ ಬಸಮ್ಮನ ಒಬ್ಬನೇ ಮಗ. ತಂದೆ ಇರಲಿಲ್ಲ. ಮೂಗು ಒರೆಸಿಕೊಂಡು ಬಂದು ಕೈ ಊರಿದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದವರು ಹಿಂದಕ್ಕೆ ಸರಿದರು. ಊರ ಯಜಮಾನ ಮುರಿಗೆಪ್ಪನವರು ಹೆಗಲ ಮೇಲಿನ ಟವೆಲನ್ನು ನೀರಿಗದ್ದಿ ಕಲ್ಲಿನ ಮೇಲೆ ಹಾಸಿದರು. ಚುಂಯ್ ಎಂದು ಹಬೆ ಎದ್ದಿತು, ನೋಡುನೋಡುತ್ತಲೇ ಟವೆಲು ಒಣಗಿ ಗರಿಗರಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಹಪ್ಪಳ ತಂದು ಅದರ ಮೇಲೆ ಸುಟ್ಟುಕೊಂಡು ತಿಂದರು. ಬಸಮ್ಮ ಕಂಬಕ್ಕೊರಗಿ ಬಾಯಿಗೆ ಸೆರಗಿಟ್ಟುಕೊಂಡು ಅಳುತ್ತಿದ್ದಳು. ಸಂತೋಷಕ್ಕೆ ಅಳುತ್ತಾಳೆ ಎಂದು ಎಲ್ಲರೂ ಅಂದುಕೊಂಡೆವು.

ಊರು ಆ ಕೈಗಾಗಿ ಬಹಳ ಕಾಲದಿಂದ ಕಾದಿತ್ತು. ನಮ್ಮೂರು ಬಂಡೆಯ ಮೇಲಿದೆ. ಇಲ್ಲಿ ಬಾವಿ ತೋಡಿದರೆ ಗುದ್ದಲಿ ಮುರಿಯುತ್ತದೆಯೇ ಹೊರತು ನೀರು ಬರುವುದಿಲ್ಲ. ನೀರಿರುವುದು ಎದುರಿನ ಗುಡ್ಡದಲ್ಲಿ. ಅಲ್ಲಿಗೂ ಇಲ್ಲಿಗೂ ನಡುವೆ ದೊಡ್ಡ ಕೊಳ್ಳ. ಹೆಂಗಸರು ಬೆಳಗಾದರೆ ಕೊಡ ಹೊತ್ತು ಕೊಳ್ಳ ಇಳಿಯುತ್ತಾರೆ, ಎದುರು ಗುಡ್ಡ ಹತ್ತುತ್ತಾರೆ, ತುಂಬಿದ ಕೊಡದೊಂದಿಗೆ ಅದೇ ದಾರಿಯಲ್ಲಿ ವಾಪಸ್ಸಾಗುತ್ತಾರೆ. ನಮ್ಮಲ್ಲಿ ಹೆಂಗಸರ ಮೊಣಕಾಲು ಬೇಗ ಸವೆಯುತ್ತದೆ. ಬಿಸಿಗೈಯವನೊಬ್ಬ ಹುಟ್ಟಿ ಬಂದರೆ ಕೊಳ್ಳದ ಮೇಲೆ ಕಮಾನು ಕಟ್ಟಿ, ಆಚೆಯ ನೀರನ್ನು ಈಚೆಗೆ ಹರಿಸುತ್ತಾನೆ ಎಂದು ಎಲ್ಲರೂ ನಂಬಿದ್ದರು. ಅಂಥ ಕೈ ಆರಿಹೋಗದಂತೆ ನೋಡಿಕೊಳ್ಳಬೇಕಲ್ಲ? ಸೋಲು ತಗುಲಿದರೆ ಬಿಸಿಗೈ ಆರುತ್ತದೆ ಎನ್ನುವುದು ನಮ್ಮವರ ಎಣಿಕೆ. ಆದ್ದರಿಂದ ಬಿಸಿಗೈಯ ಮಗುವನ್ನು ಬಯ್ಯುವಂತಿಲ್ಲ, ತಿದ್ದುವಂತಿಲ್ಲ, ಯಾವ ಆಟದಲ್ಲೂ ಅದು ಸೋಲುವಂತಿಲ್ಲ. ಮಕ್ಕಳೆಂದ ಮೇಲೆ ಆಟ ಆಡದೆ ಇರುವುದಿಲ್ಲ, ಆದ್ದರಿಂದ ಜೊತೆಗೊಬ್ಬರು ಸೋಲುವವರು ಬೇಕು.

ಮಾರನೆಯ ದಿನವೇ ಮುರಿಗೆಪ್ಪನವರು ನಮ್ಮ ಮನೆಯ ಜಗಲಿಯ ಮೇಲೆ ಬಂದು ಕೂತರು. ಅವ್ವ ಮಜ್ಜಿಗೆ ಕೊಟ್ಟಳು.

"ನಿನ್ನ ಮಗಳ ಕೈ ಒಳ್ಳೇ ತಣ್ಣಗೈತೆ ಕಣಮ್ಮ," ಎಂದರು. "ನಗೋರ ಮುಂದೆ ಕೆನ್ನೆ ಬೇರೆ ಇಟ್ಲಲ್ಲ, ಅದು ನಂಗೆ ಹಿಡಿಸ್ತು. ಮಾನಕ್ಕೆ ಅಂಜೋ ಹುಡುಗಿಯಲ್ಲ. ಪಾಲಾಕ್ಷನ ಜೊತೆ ಆಡಾಕೆ ಕಳಿಸು. ಜೋಳ, ಬೇಳೆ ಚಾವಡಿಯಿಂದ ಬರ್ತದೆ."

"ಸೋಲಾಕೆ ಏನು ಯಜಮಾನ್ರೆ, ಯಾರು ಬೇಕಾದ್ರೂ ಸೋಲ್ತಾರೆ," ಎಂದಳು ಅವ್ವ.

"ಸೋತಿದ್ದು ಗೊತ್ತಾಗದಂಗೆ ಸೋಲ್ಬೇಕು. ಅದು ಎಲ್ಲರ ಕೈಲೂ ಆಗಲ್ಲ."

ನಿಜ, ಆಗುವುದಿಲ್ಲ. ಓಟದಲ್ಲಿ ಎಡವಿ ಬೀಳುವುದು, ಗೋಲಿಯಾಟದಲ್ಲಿ ಗುರಿ ತಪ್ಪುವುದು ಸುಲಭ. ಕಷ್ಟದ್ದು ಚೌಕಾಬಾರ. ಅವನಿಗೆ ಬಹಳ ಇಷ್ಟವಾದ ಆಟ ಅದೇ. ಕವಡೆಗೆ ಬಿಸಿಗೈ ಯಾರು, ತಣ್ಣಗೈ ಯಾರು ಎಂದು ತಿಳಿಯುವುದಿಲ್ಲ. ಅವನು ತಲೆ ಓಡಿಸಿ ನಾಲ್ಕು ಹೆಜ್ಜೆ ಮುಂದಿನದನ್ನು ನೋಡುತ್ತಿದ್ದ, ನನಗೆ ಸುಮ್ಮಸುಮ್ಮನೆ ಚೌಕ ಬೀಳುತ್ತಿತ್ತು, ಬಾರ ಬೀಳುತ್ತಿತ್ತು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲವಲ್ಲ? ನಾನು ಅವನ ಕಾಯಿ ಕಡಿಯದೆ ಹೊರಗೆ ಹೊರಗೇ ಸುತ್ತುತ್ತಿದ್ದೆ. ನನ್ನ ಕಾಯನ್ನು ಅವನ ಬಾಯಿಗೆ ಸರಿಯಾಗಿ ಸಿಗುವಂತೆ ಇಟ್ಟು, ಆಮೇಲೆ ಅಯ್ಯೋ ನೋಡಲೇ ಇಲ್ಲವಲ್ಲ ಎಂದು ಹಣೆ ಬಡಿದುಕೊಳ್ಳುತ್ತಿದ್ದೆ. ಒಂದು ಸಲ ಬೇರೆ ದಾರಿಯೇ ಇರಲಿಲ್ಲ, ಬಿದ್ದ ಕವಡೆಗೆ ಅವನ ಕಾಯಿ ಕಡಿಯಲೇಬೇಕಿತ್ತು. ಅವನ ಮುಖ ನೋಡಿದೆ, ಸುಣ್ಣ ಬಳಿದ ಗೋಡೆ. ಸೀನು ಬಂದವಳಂತೆ ಮಾಡಿ ಮೊಣಕೈಯಿಂದ ಮಣೆಯನ್ನೇ ಕೆಡವಿದೆ. ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ಸಂಜೆ ಮನೆಗೆ ಬಂದರೆ ಅವ್ವ ಒಲೆಯ ಮುಂದಿನಿಂದಲೇ ಕೇಳುವಳು, "ಸೋತ್ಯಾ?"

"ಹ್ಞೂ."

"ಕೈ ತೊಳ್ಕೊ, ಉಣ್ಣು."

ದಿನಾ ಇದೇ ಮಾತು. ಅವಳು ಇನ್ನೇನೂ ಹೇಳಿಕೊಡಲಿಲ್ಲ, ಹೇಳಿಕೊಡುವ ಪುರಸೊತ್ತೂ ಅವಳಿಗಿರಲಿಲ್ಲ. ನಾನು ಕೈ ತೊಳೆದು ಉಣ್ಣುತ್ತಿದ್ದೆ. ಸೋತು ಬಂದ ಮೇಲೆ ಹಸಿವು ಜೋರು. ಉಂಡು ಮಲಗಿದರೆ ಬೆಳಿಗ್ಗೆ ಯಾವುದೂ ನೆನಪಿರುತ್ತಿರಲಿಲ್ಲ.

ಪಾಲಾಕ್ಷ ಕೆಟ್ಟವನಲ್ಲ, ಅದನ್ನು ಹೇಳಿಬಿಡುತ್ತೇನೆ. ಚಾವಡಿಯವರು ಅವನಿಗೆ ಕೊಟ್ಟ ಕೊಬ್ಬರಿ ಬೆಲ್ಲದಲ್ಲಿ ದೊಡ್ಡ ಪಾಲನ್ನು ನನ್ನ ಮಡಿಲಿಗೆ ಹಾಕುತ್ತಿದ್ದ. ನನಗೆ ಅಕ್ಷರ ಕಲಿಸಿದವನು ಅವನೇ. ಮರಳಿನ ಮೇಲೆ ಬೆರಳಿನಿಂದ ಕಮಾನು ಬರೆದು, ಭಾರ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಇಳಿಯುತ್ತದೆ ಎಂದು ವಿವರಿಸುತ್ತಿದ್ದ. ನನಗೆ ಅರ್ಥವಾಗುತ್ತಿರಲಿಲ್ಲ, ಆದರೆ ಹೇಳುವಾಗ ಅವನ ಕಣ್ಣು ನೋಡುವುದಕ್ಕೆ ಚೆನ್ನಾಗಿತ್ತು. "ಓಬಿ, ನಿನ್ನ ಕಾಲದಲ್ಲಿ ನೀನು ಕೊಳ್ಳ ಇಳಿಯಲ್ಲ, ನೋಡ್ತಿರು," ಎನ್ನುತ್ತಿದ್ದ. ನಾನು ನಂಬಿದ್ದೆ. ಯಾಕೆ ನಂಬಬಾರದು? ಅಂಥ ತಲೆ ಅದು.

ಮೀಸೆ ಬಂದ ಮೇಲೆ ಅವನಿಗೆ ಸೋಲುವ ಆಳು ಬೇಕಾಗಲಿಲ್ಲ, ಊರೇ ಅವನಿಗೆ ಸೋಲುತ್ತಿತ್ತು. ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ನನಗೂ ಮದುವೆಯಾಯಿತು, ಗಂಡ ಕಾಟಯ್ಯ ಕಲ್ಲುಕುಟಿಗ. ಒಂದು ದಿನ ಪಾಲಾಕ್ಷ ಕೊಳ್ಳಕ್ಕೆ ಕಮಾನು ಕಟ್ಟಲು ಹೊರಟ. ಕಲ್ಲು ಕಡಿಯುವವರು, ಗಾರೆ ಅರೆಯುವವರು, ಮರ ಕುಯ್ಯುವವರು ಎಲ್ಲರೂ ಹೋದರು, ಕಾಟಯ್ಯನೂ ಹೋದ. ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬರುವುದರೊಳಗೆ ಕೊಳ್ಳದ ಅರ್ಧದವರೆಗೆ ಕಮಾನುಗಳು ನಿಂತವು. ನೋಡಲು ಜನ ಹೋಗುತ್ತಿದ್ದರು, ನಾನೂ ಹೋಗಿದ್ದೆ. ಅಷ್ಟು ಚೆಂದದ್ದು ಏನನ್ನೂ ನಮ್ಮೂರು ಕಂಡಿರಲಿಲ್ಲ.

ಕೆಳಗಿನ ಮರದ ಆಸರೆಯನ್ನು ಬಿಚ್ಚಿದ ದಿನ ಅಲ್ಲಿಯವರೆಗೆ ಕಟ್ಟಿದ್ದರಲ್ಲಿ ಕೊನೆಯ ಕಮಾನು ನೆಟ್ಟಗೆ ನಿಂತಿತು. ಎಲ್ಲರೂ ಕೂಗು ಹಾಕಿದರು. ಊಟಕ್ಕೆ ಕೂತಿದ್ದಾಗ ಅದು ಬಿತ್ತು. ಅದರ ಹಿಂದೆಯೇ ಪಕ್ಕದ್ದೂ ಬಿತ್ತು. ಎಲ್ಲರೂ ದೂರದ ನೆರಳಿನಲ್ಲಿದ್ದುದರಿಂದ ಒಬ್ಬರಿಗೂ ಒಂದು ಗೀರು ಆಗಲಿಲ್ಲ, ಒಬ್ಬನ ಬುತ್ತಿಗೆ ಧೂಳು ಬಿತ್ತು ಅಷ್ಟೇ. ಕಾಟಯ್ಯ ಬಾಯಿ ಒರೆಸಿಕೊಂಡು ಎದ್ದು ಹೋಗಿ ಬಿದ್ದ ಕಲ್ಲುಗಳ ನಡುವೆ ಸುತ್ತಾಡಿ ಬಂದನಂತೆ.

"ಬಿದ್ದಿದ್ದು ಯಾಕೆ ಅಂತ ಗೊತ್ತಾಗ್ಲಿಲ್ಲ ಬುದ್ಧಿ," ಎಂದನಂತೆ ಪಾಲಾಕ್ಷನಿಗೆ. "ಕಲ್ಲೇನೂ ಒಡೆದಿಲ್ಲ, ಇವೇ ಆಗ್ತವೆ. ಇನ್ನೊಂದು ಸಲ ಕಟ್ಟಿ ನೋಡಾಣ. ಮತ್ತೆ ಬಿದ್ರೆ ಎಲ್ಲಿಂದ ಬಿರುಕು ಬಿಡ್ತದೆ ಅಂತ ಕಾಯ್ತಾ ಕೂತ್ಕೊಳಾಣ."

ಉಳಿದವರು ಕಲ್ಲು ಆಯಲು ಆಗಲೇ ಸೆರಗು ಕಟ್ಟಿದ್ದರು, ಪಂಚೆ ಕಟ್ಟಿದ್ದರು. ಅವರಿಗೆ ಅದು ದೊಡ್ಡ ವಿಷಯವಲ್ಲ. ಗೋಡೆ ಬೀಳುವುದು, ಗೂಡು ಬಿರಿಯುವುದು, ಅರ್ಧ ಕೆತ್ತಿದ ಕಲ್ಲು ಎರಡು ಹೋಳಾಗುವುದು ಅವರ ದಿನನಿತ್ಯದ ಬಾಳು. ಬಿದ್ದರೆ ಬಯ್ದುಕೊಂಡು ಎತ್ತುತ್ತಾರೆ. ಪಾಲಾಕ್ಷ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮನೆಗೆ ಹೋಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಬಸಮ್ಮ ಇಟ್ಟ ತಟ್ಟೆ ಇಟ್ಟಲ್ಲೇ ಇತ್ತು.

ಮುರಿಗೆಪ್ಪನವರು ಹೋಗಿ ಕಲ್ಲು ಕೆಟ್ಟದ್ದು ಎಂದರು, ಗಾರೆಯವರು ಮೋಸ ಮಾಡಿದರು ಎಂದರು, ಗಾಳಿ ಎಂದರು. ನಿನ್ನದೇನೂ ತಪ್ಪಿಲ್ಲ ಮಗಾ ಎಂದು ಊರೆಲ್ಲ ಸಾಲಾಗಿ ಹೋಗಿ ಹೇಳಿ ಬಂದಿತು. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ, ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಕೊನೆಗೆ ಯಜಮಾನರೂ ಬಸಮ್ಮನೂ ನನ್ನ ಮನೆಗೆ ಬಂದರು. ಬಸಮ್ಮ ಕೂರಲೂ ಇಲ್ಲ.

"ಬಾರೇ ಓಬಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. "ಹಳೇ ಥರ ಒಂದಾಟ ಆಡು. ನನ್ನ ಮಗ ಉಂಡ್ರೆ ಸಾಕು."

ಮಣೆ, ಕವಡೆ ತೆಗೆದುಕೊಂಡು ಹೋದೆ. ಅವನ ಕೆನ್ನೆ ಒಳಗೆ ಹೋಗಿತ್ತು, ಕಣ್ಣಿಗೆ ನಾನು ಕಂಡೆನೋ ಇಲ್ಲವೋ. ಮಣೆ ಹಾಸಿ ಅವನ ಕೈಗೆ ಕವಡೆ ಕೊಟ್ಟೆ. ಸುಮಾರು ಹೊತ್ತು ಹಿಡಿದುಕೊಂಡೇ ಇದ್ದ, ಆಮೇಲೆ ಹಾಕಿದ. ನಾನು ಸೋತೆ. ಅವನ ಮುಖಕ್ಕೆ ಸ್ವಲ್ಪ ಬಣ್ಣ ಬಂತು, ಬಸಮ್ಮನನ್ನು ಕರೆದು ರೊಟ್ಟಿ ಕೇಳಿದ. ಬಸಮ್ಮ ಬಾಗಿಲ ಹಿಂದೆ ನಿಂತು ದೇವರಿಗೆ ಕೈ ಮುಗಿದಳು.

ಮಾರನೆಯ ದಿನ ಮತ್ತೆ ಹೋದೆ, ಮತ್ತೆ ಸೋತೆ, ಅವನು ಉಂಡ. ಹೀಗೇ ನಡೆಯಿತು. ಸುಧಾರಿಸುತ್ತಾನೆ, ಇನ್ನೇನು ಕೊಳ್ಳಕ್ಕೆ ಹೋಗುತ್ತಾನೆ ಎಂದು ಯಜಮಾನರು ದಿನಾ ಹೇಳುತ್ತಿದ್ದರು. ಅವನು ಹೋಗಲಿಲ್ಲ. ನಾನು ಕಮಾನಿನ ಮಾತೆತ್ತಿದರೆ ಕವಡೆ ಕೈಗೆ ತೆಗೆದುಕೊಳ್ಳುತ್ತಿದ್ದ. ಒಂದಾಟಕ್ಕೆ ಸಾಲದೆ ಎರಡಾಟ ಕೇಳತೊಡಗಿದ, ಮೂರು ಕೇಳಿದ. ಕೆಲಸದವರು ಕಾಯುವಷ್ಟು ಕಾದು ಬೇರೆ ಕಡೆ ಕೂಲಿ ಹುಡುಕಿಕೊಂಡರು. ಬಿಸಿಗೈಯವನಿಲ್ಲದೆ ನಾವೇ ಕಟ್ಟುತ್ತೇವೆ ಎಂದು ಕಾಟಯ್ಯ ಚಾವಡಿಗೆ ಹೋಗಿ ಕೇಳಿದ. ತಣ್ಣಗೈಯವರು ಕಮಾನಿಗೆ ಕೈ ಹಾಕಬಾರದು ಎಂದು ಬಯ್ದು ಕಳಿಸಿದರು. ನಾನು ಆಗ ತುಂಬು ಬಸುರಿ. ಬೆಳಿಗ್ಗೆ ಕೊಡ ಹೊತ್ತು ಕೊಳ್ಳ ಇಳಿದು ಹತ್ತಿ, ಮಧ್ಯಾಹ್ನ ಬಂದು ಅವನಿಗೆ ಸೋಲುತ್ತಿದ್ದೆ. ಆ ಕೂಸು ಉಳಿಯಲಿಲ್ಲ. ಕೊಳ್ಳದ ಏರಿನಿಂದಲೇ ಹೋಯಿತು ಎಂದು ಸೂಲಗಿತ್ತಿ ಹೇಳಿದಳು. ನಾನು ಯಾರನ್ನೂ ದೂರಲಿಲ್ಲ. ಆದರೆ ಬಾಣಂತಿಯ ಹಾಗೆ ಮೂಲೆಯಲ್ಲಿ ಮಲಗಿದ್ದಷ್ಟು ದಿನವೂ ಒಂದೇ ಯೋಚನೆ. ಎದ್ದ ದಿನ ಮಣೆ ತೆಗೆದುಕೊಂಡು ಹೋಗಿ ಅವನ ಮುಂದೆ ಕೂತೆ.

ಅವತ್ತು ನಾನು ಆಡಿದೆ. ಹುಟ್ಟಿದ ಮೇಲೆ ಮೊದಲ ಸಲ ಅವನ ಎದುರು ನಿಜವಾಗಿ ಆಡಿದೆ. ಅವನನ್ನು ಸೋಲಿಸಿ ಸೇಡು ತೀರಿಸಿಕೊಳ್ಳಬೇಕೆಂದಲ್ಲ. ಒಂದು ಸಲ ಸೋಲಲಿ, ಸೋತು ಉಣ್ಣಲಿ, ಉಂಡು ಮಲಗಿ ಬೆಳಿಗ್ಗೆ ಏಳಲಿ, ಆಮೇಲೆ ಕೊಳ್ಳಕ್ಕೆ ಹೋದಾನು ಎಂದುಕೊಂಡಿದ್ದೆ. ಅವನಿಗೆ ಕಲ್ಲಿನ ಭಾರ ಗೊತ್ತು, ಅಳತೆ ಗೊತ್ತು, ನನಗೆ ಗೊತ್ತಿರುವುದು ಇದೊಂದೇ. ಕವಡೆ ನನ್ನ ಕಡೆ ಇತ್ತು. ಅವನ ಎರಡು ಕಾಯಿ ಕಡಿದೆ. ನನ್ನ ನಾಲ್ಕೂ ಕಾಯಿ ನಡುಮನೆ ಸೇರಿ ಹಣ್ಣಾದವು.

ಅವನು ಮಣೆಯನ್ನು ನೋಡುತ್ತ ಕೂತ. ಆಮೇಲೆ, "ಇದೇನೇ ಓಬಿ?" ಎಂದ.

"ಗೆದ್ದೆ," ಎಂದೆ. "ಪಾಲಾಕ್ಷ, ಇಷ್ಟು ವರ್ಷ ನಾನು ಬೇಕಂತ ಸೋತಿದ್ದು. ಅದಕ್ಕೆ ಚಾವಡಿಯಿಂದ ನಮ್ಮನೆಗೆ ಜೋಳ ಬರ್ತಿತ್ತು. ನಿಂಗೆ ಗೊತ್ತಾಗದಂಗೆ ಸೋಲ್ಬೇಕು ಅಂತ ಹೇಳಿದ್ರು."

ಅಳುತ್ತಾನೆ ಎಂದುಕೊಂಡೆ. ಹೊಡೆಯುತ್ತಾನೆ ಎಂದೂ ಅಂದುಕೊಂಡಿದ್ದೆ. ಅವನು ನಕ್ಕ.

"ನಾನೇನು ದಡ್ಡನೇನೇ? ನೀನು ಸೀನಿ ಮಣೆ ಕೆಡವಿದೆಯಲ್ಲ, ಅವತ್ತೇ ಗೊತ್ತಾಯ್ತು. ಅದಕ್ಕೂ ಮುಂಚೆನೇ ಅನುಮಾನ ಇತ್ತು."

"ಗೊತ್ತಿದ್ದೂ ಆಡಿದ್ಯಾ?" ಎಂದೆ.

"ಗೆಲ್ಲೋದು ಚೆನ್ನಾಗಿರ್ತಿತ್ತು," ಎಂದ. ಕವಡೆಗಳನ್ನು ಒಟ್ಟು ಮಾಡಿ ನನ್ನ ಕೈಗೆ ಹಾಕಿ, ನನ್ನ ಬೆರಳುಗಳನ್ನು ತಾನೇ ಮಡಚಿದ. ಅವನ ಅಂಗೈ ಸುಡುತ್ತಿತ್ತು. "ಮತ್ತೆ ಆಡು. ಈ ಸಲ ಸೋಲು."

ಆ ಮಾತು ಕೇಳಿ ನನಗೆ ಬಂದ ಭಯ ಇವತ್ತಿಗೂ ಹೋಗಿಲ್ಲ. ಕವಡೆ ಅಲ್ಲೇ ಇಟ್ಟು ಎದ್ದು ಬಂದೆ. ಬಸಮ್ಮ ಬೀದಿಯವರೆಗೂ ಹಿಂದೆ ಬಂದಳು, ಬಯ್ದಳು, ಮಣ್ಣು ತೂರಿದಳು, ಆಮೇಲೆ ಕಾಲು ಹಿಡಿದಳು. ನಾನು ಹಿಂದಿರುಗಲಿಲ್ಲ. ಅವನು ಎಷ್ಟೋ ದಿನ ಉಣ್ಣಲಿಲ್ಲ. ಕೊನೆಗೆ ಬಸಮ್ಮ ತಾನೇ ಮಣೆಯ ಮುಂದೆ ಕೂತಳು. ಅವಳಿಗೆ ಆಟ ಬರುತ್ತಿರಲಿಲ್ಲ, ಸೋಲುವುದಕ್ಕೆ ಕಷ್ಟವಾಗಲಿಲ್ಲ. ಅವಳು ಸಾಯುವವರೆಗೂ ದಿನಾ ಮಗನಿಗೆ ಸೋತಳು.

ಅವನನ್ನು ಕೆಡಿಸಿದವಳು ನಾನು ಎಂದು ಊರು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಎಷ್ಟು ಸಲ ಕೇಳಿದರೂ ಒಪ್ಪುವುದಿಲ್ಲ. ಅವನು ಈಗಲೂ ಇದ್ದಾನೆ, ಚಾವಡಿಯ ಜಗಲಿಯ ಮೇಲೆ ಕೂತಿರುತ್ತಾನೆ. ತಲೆ ನೆರೆಯುತ್ತಿದೆ. ಓಣಿಯ ಮಕ್ಕಳನ್ನು ಸರದಿಯ ಮೇಲೆ ಕಳಿಸುತ್ತಾರೆ, ಅವು ಆಕಳಿಸಿಕೊಂಡು ಬೇಗ ಬೇಗ ಸೋತು ಓಡಿಹೋಗುತ್ತವೆ. ಕಲ್ಲು ಇವತ್ತಿಗೂ ಅವನ ಕೈಯಡಿ ಕಾಯುತ್ತದೆ, ಒಂದು ಚೂರೂ ಕಡಿಮೆಯಾಗಿಲ್ಲ. ಮಳೆ ಹಿಡಿದು ಬಟ್ಟೆ ಒಣಗದಿದ್ದಾಗ ಹೆಂಗಸರು ಅವನನ್ನು ಕೈ ಹಿಡಿದು ಕರೆದೊಯ್ದು ಕಲ್ಲಿನ ಮೇಲೆ ಅಂಗೈ ಊರಿಸಿ, ಸುತ್ತ ಸೀರೆ, ಕಂಬಳಿ ಹರವುತ್ತಾರೆ. ಅವನು ಸುಮ್ಮನೆ ಕೂತಿರುತ್ತಾನೆ. ಸೋತರೆ ಕೈ ಆರುವುದಾಗಿದ್ದರೆ ಕಮಾನು ಬಿದ್ದ ದಿನವೇ ಆರಬೇಕಿತ್ತಲ್ಲ ಎಂದು ನಾನು ಮುರಿಗೆಪ್ಪನವರನ್ನು ಕೇಳಿದ್ದೆ. "ನಾವು ಅಷ್ಟು ಜೋಪಾನ ಮಾಡಿದ್ದಕ್ಕೇ ಆರಲಿಲ್ಲ ಕಣಮ್ಮ," ಎಂದರು. ಏನು ಹೇಳೋಣ ಇಂಥವರಿಗೆ?

ಅರ್ಧ ಕಮಾನು ಕೊಳ್ಳದಲ್ಲಿ ಹಾಗೆಯೇ ನಿಂತಿದೆ. ನಾವು ಅದರ ಕೆಳಗೇ ಹಾದು ನೀರಿಗೆ ಹೋಗುತ್ತೇವೆ. ನನ್ನ ಮೊಣಕಾಲೂ ಈಗ ಕಿರುಗುಟ್ಟುತ್ತದೆ.

ಹೊನ್ನಿ ಹುಟ್ಟಿದ್ದು ಆಮೇಲೆ. ಅವಳಿಗೂ ಕಲ್ಲಿಗೂ ಸಂಬಂಧ ಬರುವುದಿಲ್ಲ ಎಂದೇ ನಂಬಿದ್ದೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಕಾಟಯ್ಯನ ಮಗಳು. ಹೋದ ಬೇಸಿಗೆ ಹಲ್ಲು ಬಿತ್ತು, ಚಾವಡಿಗೆ ಕರೆದೊಯ್ದೆ. ಕೈ ಊರಿದಳು. ತಂಪಾಗಿದೆಯಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬರಿಗಾಲಲ್ಲಿ ಕಲ್ಲಿನ ಅಂಚು ತುಳಿದಿದ್ದವನೊಬ್ಬ ಕಿಟಾರನೆ ಕಿರುಚಿ ಹಾರಿದ. ಹೆಂಗಸರು ಹಪ್ಪಳಕ್ಕೆ ಓಡಿದರು. ನಾನು ಕಂಬಕ್ಕೊರಗಿ ಬಾಯಿಗೆ ಸೆರಗಿಟ್ಟುಕೊಂಡೆ. ಬಸಮ್ಮ ಯಾಕೆ ಅತ್ತಿದ್ದಳೋ ಆಗ ನನಗೆ ತಿಳಿಯಿತು. ಜಗಲಿಯ ಮೇಲೆ ಪಾಲಾಕ್ಷ ಕವಡೆ ಕುಲುಕುತ್ತ ಕೂತಿದ್ದ.

ಮುರಿಗೆಪ್ಪನವರು ಈಗ ಹಣ್ಣು ಹಣ್ಣು ಮುದುಕರು, ಇಬ್ಬರು ತೋಳು ಹಿಡಿದು ಕರೆತಂದರು. ಮತ್ತೆ ಅದೇ ಜಗಲಿ, ಮತ್ತೆ ಮಜ್ಜಿಗೆ.

"ಉಳಿದರ್ಧ ಕಮಾನು ನಿನ್ನ ಮಗಳು ಮುಗಿಸ್ತಾಳೆ," ಎಂದರು. ಅವರ ಕಣ್ಣಲ್ಲಿ ನೀರಿತ್ತು, ನಾಟಕದ ನೀರಲ್ಲ. "ಅವಳಿಗೊಂದು ಒಳ್ಳೇ ಆಳು ನೋಡಿದೀವಿ. ತಣ್ಣಗೈ, ಮಾತು ಕಮ್ಮಿ."

"ಬೇಡ ಯಜಮಾನ್ರೆ," ಎಂದೆ.

"ಬೇಡ ಅಂದ್ರೆ ಮಗು ಚಾವಡೀಲಿ ಬೆಳೀತದೆ. ಕೈ ಆರಾಕೆ ಬಿಡಾಕಾಗಲ್ಲ. ಊರಿಗೆಲ್ಲ ಒಂದೇ ಕಟ್ಟಳೆ."

ಕಾಟಯ್ಯ ನನ್ನ ಮುಖ ನೋಡಿದ. ನಾನು ತಲೆ ಬಗ್ಗಿಸಿ, ನನ್ನ ಜನ್ಮದಲ್ಲಿ ಕಲಿತ ವಿನಯವನ್ನೆಲ್ಲ ದನಿಗೆ ತಂದುಕೊಂಡು, "ಹಂಗಲ್ಲ ಯಜಮಾನ್ರೆ," ಎಂದೆ. "ಬೇರೆಯವರು ಯಾಕೆ ಅಂದೆ. ನಾನೇ ಸೋಲ್ತೀನಿ. ಈ ಕೆಲಸ ನನಗಿಂತ ಚೆನ್ನಾಗಿ ಬಲ್ಲೋರು ಈ ಊರಲ್ಲಿ ಯಾರವ್ರೆ?"

ಅವರಿಗೆ ಬಹಳ ಸಂತೋಷವಾಯಿತು. ಹಳೆಯದನ್ನು ಮರೆತು ಬುದ್ಧಿ ಕಲಿತಿದ್ದೀಯ ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಮಾರನೆಯ ದಿನವೇ ಜೋಳ ಬಂತು.

ಅವತ್ತಿನಿಂದ ದಿನಾ ಸಂಜೆ ಬಾಗಿಲು ಹಾಕಿ ಮಣೆ ಹಾಸುತ್ತೇನೆ. ಹಾಸಿ, ನನ್ನ ಮಗಳನ್ನು ಸೋಲಿಸುತ್ತೇನೆ. ಕವಡೆ ಅವಳ ಕಡೆ ಬಿದ್ದ ದಿನ ಅವಳೇ ಗೆಲ್ಲುತ್ತಾಳೆ, ಆಗ ಮನೆ ತುಂಬ ಕುಣಿಯುತ್ತಾಳೆ, ಕುಣಿಯಲಿ. ಆದರೆ ನಾನಾಗಿ ಒಂದು ಕಾಯನ್ನೂ ಬಿಟ್ಟುಕೊಡುವುದಿಲ್ಲ. ಮೊದಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ, ಹೊರಗೆ ಎಲ್ಲರೂ ಅವಳಿಗೆ ದಾರಿ ಬಿಡುತ್ತಾರೆ, ಒಳಗೆ ಅವ್ವ ಕಾಯಿ ಕಡಿಯುತ್ತಾಳೆ. ಕಚ್ಚಿದ್ದಾಳೆ, ಕವಡೆಯನ್ನು ಒಲೆಗೆ ಹಾಕಿದ್ದಾಳೆ. ಬೀದಿಯಲ್ಲಿ ಯಜಮಾನರು ಕಂಡು, "ಯಾರು ಗೆದ್ದಿದ್ದವ್ವ ನಿನ್ನೆ?" ಎಂದು ಕೇಳಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಅವಳು ನೆಲ ನೋಡುತ್ತ, "ನಾನೇ," ಎನ್ನುತ್ತಾಳೆ. ನಾಚಿಕೆಗೆ ಹಾಗೆನ್ನುತ್ತಾಳೆ. ಆ ನಾಚಿಕೆ ಎಷ್ಟು ದಿನ ನಮ್ಮನ್ನು ಕಾಯುತ್ತದೋ ಗೊತ್ತಿಲ್ಲ. ಕಾಟಯ್ಯನಿಗೂ ಇದನ್ನು ಸಹಿಸಲಾಗುವುದಿಲ್ಲ. ಹಡೆದವಳು ಮಾಡುವ ಕೆಲಸವಾ ಇದು ಎನ್ನುತ್ತಾನೆ. ಸಂಜೆಯಾದರೆ ಮನೆಯಲ್ಲಿ ಇರುವುದಿಲ್ಲ.

ನಿನ್ನೆ ಅವಳ ಮೂರು ಕಾಯಿ ಹಣ್ಣಾಗಿದ್ದವು. ಕೊನೆಯ ಕಾಯಿ ನಡುಮನೆಯ ಹೊಸ್ತಿಲಲ್ಲಿತ್ತು. ಉಸಿರು ಬಿಗಿ ಹಿಡಿದು ಮೊಣಕಾಲ ಮೇಲೆ ಕೂತಿದ್ದಳು. ನನಗೆ ಬಾರ ಬಿತ್ತು. ಎಂಟು ಮನೆ ಎಣಿಸಿದರೆ ಸರಿಯಾಗಿ ಅವಳ ಕಾಯಿಯ ಮೇಲೆ. ಬೇರೆ ಕಾಯಿ ನಡೆಸಬಹುದಿತ್ತು, ಅವಳು ನೋಡುತ್ತಲೂ ಇರಲಿಲ್ಲ. ಕಡಿದೆ. ಆಮೇಲೆ ನನ್ನವು ಒಂದೊಂದಾಗಿ ಹಣ್ಣಾದವು.

ಹೊನ್ನಿ ಅಳಲಿಲ್ಲ, ಕಿರುಚಲಿಲ್ಲ. ಕವಡೆಗಳನ್ನು ಆಯ್ದು ತಂದು ನನ್ನ ಅಂಗೈಗೆ ಹಾಕಿದಳು. ನನ್ನ ಬೆರಳುಗಳನ್ನು ತನ್ನ ಪುಟ್ಟ ಬೆರಳುಗಳಿಂದ ಒಂದೊಂದಾಗಿ ಮಡಚಿದಳು. ಅವಳ ಕೈ ಸುಡುತ್ತಿತ್ತು.

"ಅವ್ವಾ, ಇನ್ನೊಂದಾಟ ಆಡಣ," ಎಂದಳು. "ಈ ಸಲ ನೀನು ಸೋಲು. ಒಂದೇ ಸಲ. ಯಾರಿಗೂ ಹೇಳಲ್ಲ."

ಅವಳಿಗೆ ಆ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಲುವುದು ನನಗೆ ಎಷ್ಟು ಸುಲಭ, ಕಣ್ಣು ಮುಚ್ಚಿಕೊಂಡು ಸೋಲಬಲ್ಲೆ. ಅವಳು ನಕ್ಕು ನನ್ನ ಕೊರಳಿಗೆ ಬೀಳುತ್ತಿದ್ದಳು.

"ಆಗಲ್ಲ ಮಗಳೇ," ಎಂದೆ.

"ನೀನು ನಮ್ಮವ್ವನೇ ಅಲ್ಲ," ಎಂದು ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ನಾನು ರೊಟ್ಟಿ ತಟ್ಟಿ ತಟ್ಟೆಗೆ ಹಾಕಿ ಅವಳ ಪಕ್ಕದಲ್ಲಿಟ್ಟೆ. ತಿರುಗಲಿಲ್ಲ. ಆ ಬೆನ್ನನ್ನು ನಾನು ಮುಂಚೆ ಕಂಡಿದ್ದೆ, ಆ ಗೋಡೆಯನ್ನೂ, ಆ ತಟ್ಟೆಯನ್ನೂ. ಹೊರಗೆ ಸಂಜೆಯ ನೀರಿಗೆ ಹೋಗಿದ್ದ ಹೆಂಗಸರು ಏದುಸಿರು ಬಿಡುತ್ತ ಏರು ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು. ರೊಟ್ಟಿ ಆರಿತು. ಎದ್ದು ಹೋಗಿ ತಬ್ಬಿಕೊಳ್ಳಬೇಕು, ಹೋಗಲಿ ಬಾ, ಸೋಲುತ್ತೇನೆ ಎನ್ನಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡು ಒಲೆಯ ಮುಂದೆ ಕೂತೆ. ಬೂದಿ ಕೆದಕಿದೆ, ಮತ್ತೆ ಕೆದಕಿದೆ.

ಎಷ್ಟು ಹೊತ್ತಾಯಿತೋ. ಬೆನ್ನ ಹಿಂದೆ ತಟ್ಟೆ ನೆಲದ ಮೇಲೆ ಜರುಗಿದ ಸದ್ದಾಯಿತು. ತಿರುಗಿ ನೋಡಿದೆ. ಮುಖವೆಲ್ಲ ಕಣ್ಣೀರು, ಸಿಂಬಳ. ನನ್ನನ್ನು ನೋಡದೆ ರೊಟ್ಟಿ ಮುರಿಯುತ್ತಿದ್ದಳು.

"ಸೋತ್ಯಾ?" ಎಂದು ಕೇಳಿದೆ. ದನಿ ನನ್ನದಾಗಿರಲಿಲ್ಲ, ನಮ್ಮವ್ವನದಾಗಿತ್ತು.

ಮೂಗನ್ನು ತೋಳಿಗೆ ಒರೆಸಿಕೊಂಡು, "ಹ್ಞೂ," ಎಂದಳು.

"ಕೈ ತೊಳ್ಕೊ," ಎಂದೆ. "ಉಣ್ಣು."

ಎದ್ದು ಬಚ್ಚಲಿಗೆ ಹೋದಳು. ಕೊಳ್ಳದಾಚೆಯಿಂದ ಹೊತ್ತು ತಂದ ನೀರನ್ನು ಚೊಂಬಿನಲ್ಲಿ ಮೊಗೆದು ಕೈ ತೊಳೆದುಕೊಂಡಳು, ಬಂದು ಕೂತು ಅಳುತ್ತಲೇ ಉಂಡಳು.